ಕೊಳಗ ಭತ್ತದ ಅರಳು

ಮದ್ದೂರು
ಯುವ ಸಂವತ್ಸರದ ಕಾರ್ತಿಕ ಬಹುಳ, ಸೋಮವಾರ
೧೮–೧೧–೧೯೩೫

ನನ್ನ ಪಂಕಜಳಿಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಸಂಜೆಯ ಜ್ವರ ಇಳಿಯಿತೇ? ಮೈಸೂರಿನಲ್ಲೂ ಇಲ್ಲಿಯ ಹಾಗೆ ಥಂಡಿ ಹಿಡಿದಿದ್ದರೆ ಕಾಲಿಗೆ ಉಣ್ಣೆಯ ಚೀಲ ಹಾಕಿಕೊ. ಆಸ್ಪತ್ರೆಯವರು ರಾತ್ರಿಯೂ ವರಾಂಡದಲ್ಲೇ ಮಲಗಿಸುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ಇಲ್ಲಿ ಕಂಬಳಿ ಹೊದೆಯಲು ಮನಸ್ಸು ಬರುವುದಿಲ್ಲ. ಡಾಕ್ಟರು ಹಾಲಿನಲ್ಲಿ ಏನೋ ಕಲಸಿ ಕೊಡುತ್ತಾರೆ, ವಾಸನೆ ಎಂದಿದ್ದೆ. ಕಣ್ಣು ಮುಚ್ಚಿ ಕುಡಿದುಬಿಡು. ಅದರಲ್ಲಿ ಏನಿದೆ ಎಂದು ನೀನೂ ಕೇಳಬೇಡ, ನಾನೂ ಕೇಳುವುದಿಲ್ಲ. ನಿಮ್ಮ ತಂದೆಯ ಮಡಿಗೆ ಹೆದರಿ ಅವರಿಗೆ ನಾನು ಹೇಳಿಯೇ ಇಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಕ್ಷೇಮವೇ ಹೌದು, ಆದರೆ ನನಗೆ ಸಾಕಾಗಿದೆ. ಸೊಂಟ ನೆಟ್ಟಗಾಗದೆ ಗೋಡೆಗೆ ಒರಗಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಸುದ್ದಿ ಏನೆಂದರೆ ನಿನ್ನ ಮಗಳು ಚೂಡಿ ಹೊಸ್ತಿಲು ದಾಟಿದಳು! ಅಂಬೆಗಾಲಲ್ಲಿ ದಾಟಬೇಕಾದ ವಯಸ್ಸಿನಲ್ಲೇ ಆ ಹಾಳು ಜ್ವರ ಬಂದು ಕಾಲಿನ ಶಕ್ತಿಯನ್ನು ಎಳೆದುಕೊಂಡು ಹೋಗಿತ್ತಲ್ಲ. ಎರಡು ವರ್ಷ ತುಂಬಿದರೂ ಎತ್ತಿಕೊಂಡೇ ಓಡಾಡಬೇಕಾಗಿತ್ತು. ಹೋದ ವಾರ ನಡುಮನೆಯಲ್ಲಿ ಕೂರಿಸಿದ್ದೆ. ಬೆಕ್ಕು ಹಾಲಿನ ಕಡೆ ಹೋಯಿತು. ಇವಳಿಗೆ ರೇಗಿಹೋಯಿತು. ಬಾಗಿಲ ಚೌಕಟ್ಟು ಹಿಡಿದು ಎದ್ದು, 'ಹಚಾ' ಎನ್ನುತ್ತ ಆಚೆಗೆ ಕಾಲಿಟ್ಟೇಬಿಟ್ಟಳು. ಆಮೇಲೆ ತಾನೇ ಬೆದರಿ ನಿಂತು ಅತ್ತಳು. ನಾನೂ ಅತ್ತೆ. ಹಾಲು ಬೆಕ್ಕಿಗೇ ಹೋಯಿತು, ಹೋಗಲಿ.

ಮಗು ಹೊಸ್ತಿಲು ದಾಟಿದರೆ ಬೀದಿಗೆಲ್ಲ ಅರಳು ಹಂಚುತ್ತೇನೆ ಎಂದು ದೇವರ ಮುಂದೆ ಹೇಳಿಕೊಂಡಿದ್ದೆ. ಹೇಳಿಕೊಳ್ಳುವಾಗ ಸುಲಭ. ಬೆಸಗರಹಳ್ಳಿಯಿಂದ ದೇವಿರಮ್ಮನನ್ನು ಕರೆಸಿದೆ. ನಿನ್ನ ಮದುವೆಗೂ ಅವಳೇ ಅಲ್ಲವೇ ಅರಳು ಹುರಿದುಕೊಟ್ಟದ್ದು. ಹಿತ್ತಿಲಲ್ಲಿ ಒಲೆ ಹೂಡಿ ಮರಳಿನ ಬಾಣಲೆ ಇಟ್ಟು ಕೇಳಿದಳು, "ಎಷ್ಟು ಜನ ಬತ್ತರೆ ಅಂತ ಒಂದ್ ಮಾತು ಏಳ್ಬುಡಿ ಅವ್ವಾ. ಉರ್ದು ಮಡಗ್ಬುಟ್ಟು ಜನ ಬರ್ನಿಲ್ಲ ಅಂದ್ರೆ, ಈ ಥಂಡೀಲಿ ಎಲ್ಲ ಮೆತ್ತಗಾಯ್ತದೆ." ನಾನು ಸೇರು ಹಿಡಿದು ಭತ್ತದ ಚೀಲದ ಮುಂದೆ ಕೂತೆ ಪಂಕಜ.

ಇದನ್ನು ನಿನಗೆ ಇದುವರೆಗೆ ಬರೆದಿರಲಿಲ್ಲ. ನಿನ್ನನ್ನು ಆ ಕ್ಷಯದ ಆಸ್ಪತ್ರೆಗೆ ಸೇರಿಸಿದ ಮೇಲೆ ನಮ್ಮ ಮನೆಗೆ ಜನ ಬರುವುದು ನಿಂತುಹೋಗಿದೆ. ಪಕ್ಕದ ಮನೆಯ ಜಯಲಕ್ಷ್ಮಮ್ಮ ಕುಂಕುಮಕ್ಕೆ ಕರೆದರೆ ಮೆಟ್ಟಿಲ ಮೇಲೇ ನಿಂತು ಹಚ್ಚಿಸಿಕೊಂಡು ಹೋಗುತ್ತಾಳೆ. ಮಕ್ಕಳನ್ನು ಚೂಡಿಯ ಜೊತೆ ಆಡಲು ಬಿಡುವುದಿಲ್ಲ. ಹೀಗಿರುವಾಗ ಎಷ್ಟು ಜನಕ್ಕೆ ಅಂತ ಹುರಿಸಲಿ? ನಿಮ್ಮ ತಂದೆಯನ್ನು ಕೇಳಿದರೆ, "ಬರೋರಿಗೆ ಮಾಡು, ಬರದೇ ಇರೋರ ಲೆಕ್ಕ ಯಾಕೆ?" ಎಂದು ಪಂಚಾಂಗ ತೆಗೆದು ಕೂತರು. ಸೇರು ಭತ್ತ ಸಾಕು ಎನ್ನಿಸಿತು. ಮರುಗಳಿಗೆಗೆ, ಅಕಸ್ಮಾತ್ ಎಲ್ಲರೂ ಬಂದು, ಮಗುವಿನ ಹೆಸರು ಹೇಳಿ ಕೈಯೊಡ್ಡಿದವರಿಗೆ ಇಲ್ಲ ಎನ್ನುವ ಹಾಗಾದರೆ ಏನು ಗತಿ ಎನ್ನಿಸಿತು. ಅಳೆಯುವುದು, ಮತ್ತೆ ಚೀಲಕ್ಕೆ ಸುರಿಯುವುದು. ದೇವಿರಮ್ಮ ಸೌದೆ ಮುಂದಕ್ಕೆ ತಳ್ಳುತ್ತ, "ಅದೇನ್ ಸುಮ್ನೆ ಅಳ್ದೂ ಅಳ್ದೂ ನೋಡ್ತೀರಿ, ಭತ್ತ ಏನ್ ಎಚ್ಕತದಾ?" ಎಂದು ಗದರಿಕೊಂಡಳು. ಆಗ ನನಗೂ ರೋಷ ಬಂತು. ಕೊಳಗ ಭತ್ತ ಪೂರ್ತಿ ಅವಳ ಮುಂದೆ ಸುರಿದು, ಹುರಿ ಎಂದೆ. ಬೀದಿಯಲ್ಲಿ ಒಂದು ಮನೆಯನ್ನೂ ಬಿಡದೆ ಕರೆದುಬಂದೆ. ಹೊಟ್ಟು ಕೇರಿ, ಆರಿಸಿ, ಬೆಲ್ಲ ಕೊಬ್ಬರಿ ಹುರಿಗಡಲೆ ಬೆರೆಸುವ ಹೊತ್ತಿಗೆ ಸೊಂಟ ಹೋಯಿತು.

ಶನಿವಾರ ಸಂಜೆ ಎಲ್ಲರೂ ಬಂದರು ಕಣೇ! ಜಯಲಕ್ಷ್ಮಮ್ಮನೂ ಒಳಗೆ ಬಂದಳು. ಚೂಡಿ ಕೆಂಪು ಲಂಗ ಉಟ್ಟು, ಚೌಕಟ್ಟು ಹಿಡಿದು, ಎಲ್ಲರೆದುರಿಗೆ ಇನ್ನೊಂದು ಸಲ ದಾಟಿ ತೋರಿಸಿದಳು. ಹೆಂಗಸರು ಹಾಡು ಹೇಳಿದರು. ಸೆರಗೊಡ್ಡಿ ಮೊಗೆಮೊಗೆದು ಹಾಕಿಸಿಕೊಂಡರು. ಮೂಲೆಮನೆಯ ಮೀನಾಕ್ಷಮ್ಮನವರಂತೂ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಹಲ್ಲಿಲ್ಲದೋಳಿಗೆ ಇದೇ ವಾಸಿ ಗೋದಾ, ಇನ್ನೊಂದ್ ಹಿಡಿ ಹಾಕು" ಎಂದು ಅಲ್ಲೇ ತಿಂದರು. ಅಳಿಯಂದಿರು ಅನಂತರಾಮು ಮಳವಳ್ಳಿಯಿಂದ ಬಸ್ಸಿನಲ್ಲಿ ಬಂದಿದ್ದರು. ಮೊರ ಖಾಲಿಯಾದಾಗ ನನಗಾದ ಹಿಗ್ಗು ಹೇಗೆ ಬರೆಯಲಿ.

ನಿನ್ನೆ ಬೆಳಿಗ್ಗೆ ನೀರಿಗೆ ಹೊರಟೆ. ಬೀದಿ ತಿರುಗುವ ಕಡೆ ಚರಂಡಿಯ ಉದ್ದಕ್ಕೂ ಬೆಳ್ಳಗೆ ಬಿದ್ದಿತ್ತು. ನಮ್ಮ ಅರಳೇ, ಬೆಲ್ಲದ ಚೂರು ಸಮೇತ. ಒಬ್ಬರು ಚೆಲ್ಲಿದ್ದಲ್ಲ ಅಷ್ಟೊಂದು. ಗುಬ್ಬಿಗಳು ಮುತ್ತಿಕೊಂಡಿದ್ದವು. ನನ್ನ ಹಿಂದೆಯೇ ಕೊಡ ಹೊತ್ತು ಬಂದ ಜಯಲಕ್ಷ್ಮಮ್ಮ ನಾನು ನೋಡುತ್ತಿದ್ದದ್ದನ್ನು ನೋಡಿದಳು. ಮುಖ ಬಿಳಚಿಕೊಂಡು, "ನಾಲ್ಕು ಮಕ್ಕಳ ಮನೆ ಗೋದಮ್ಮನೋರೇ, ಭಯ ಆಗತ್ತೆ" ಎಂದಳು. ಜಗಳ ಆಡುವಷ್ಟು ಮಾತು ನನ್ನ ಬಾಯಿಯವರೆಗೂ ಬಂದಿತ್ತು. ನುಂಗಿಕೊಂಡು ಅವಳ ಜೊತೆ ಬಾವಿಯವರೆಗೆ ನಡೆದೆ. "ಮೊದಲು ನೀವು ಸೇದಿಕೊಳ್ಳಿ" ಎಂದು ಹಗ್ಗ ಅವಳ ಕೈಗೆ ಕೊಟ್ಟೆ. ಕೋಪವೂ ಉಳಿಯಲಿಲ್ಲ ಪಂಕಜ, ಕೂತುಬಿಡೋಣ ಎನ್ನುವಷ್ಟು ಆಯಾಸವಾಯಿತು. ನಿಮ್ಮ ತಂದೆಗೆ ಹೇಳಿಲ್ಲ. ನಿನಗೂ ಬರೆಯಬಾರದೆಂದೇ ಇದ್ದೆ. ಆದರೆ ನೀನು ಗುಣವಾಗಿ ವಾಪಸು ಬರುವುದು ಇದೇ ಬೀದಿಗೆ. ಯಾರು ಹೇಗೆ ಎಂದು ತಿಳಿದು ಬಾ. ಮೀನಾಕ್ಷಮ್ಮನವರು ಇವತ್ತೂ ಬಂದು ಚೂಡಿಯ ಕಾಲಿಗೆ ಎಣ್ಣೆ ತಿಕ್ಕಿಕೊಟ್ಟು ಹೋದರು, ಅದನ್ನೂ ತಿಳಿದಿರು.

ದೇವರು ನಿನ್ನ ಎದೆಗೆ ಬಲ ಕೊಡಲಿ. ನಿಮ್ಮ ತಂದೆಯ ಆಶೀರ್ವಾದ. ಚೂಡಿ ಈ ಕಾಗದದ ಮೇಲೆ ಕೈ ಒತ್ತಿದ್ದಾಳೆ, ಮೂಲೆಯ ಎಣ್ಣೆಯ ಕಲೆ ಅವಳದು.

ನಿನ್ನ ಅಮ್ಮ
ಗೋದಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಟಪಾಲಿನವನು ಹೊರಡುವ ಹೊತ್ತಾಯಿತು. ಅಳಿಯಂದಿರು ಬಂದದ್ದು ಬರೀ ಮಗುವಿಗಾಗಿ ಅಲ್ಲ. ಅವರ ತಾಯಿ ಬೇರೆ ಹೆಣ್ಣು ನೋಡಿದ್ದಾರಂತೆ. ಬರುವ ಭಾನುವಾರ ನಿನ್ನ ಹತ್ತಿರ ಬಂದು ಒಪ್ಪಿಗೆ ಕೇಳುತ್ತಾರೆ. "ಮಗಳು ನಡೆಯೋಕೆ ಎರಡು ವರ್ಷ ಕಾದ್ವಿ, ಅವಳ ತಾಯಿ ಏಳೋಕೆ ಒಂದು ವರ್ಷ ಕಾಯಬಾರದೇ ಅನಂತರಾಮು?" ಎಂದೆ. ತಲೆ ತಗ್ಗಿಸಿದರೇ ಹೊರತು ಆಗಲಿ ಎನ್ನಲಿಲ್ಲ. ಅವರು ಕೆಟ್ಟವರಲ್ಲ, ನಿನ್ನ ಮುಂದೆ ಕಣ್ಣೀರು ಹಾಕಿದರೂ ಹಾಕಿಯಾರು. ನೀನು ಮೆತ್ತಗಾಗಿ ಹೂಂ ಅಂದುಬಿಡಬೇಡ. ಏನೂ ತೋಚದಿದ್ದರೆ ಕೆಮ್ಮು ಬಂದ ಹಾಗೆ ಮಾಡಿ ಗೋಡೆಯ ಕಡೆ ತಿರುಗಿ ಮಲಗಿಬಿಡು.