ಎಡಗಡೆಯ ಪಾಲು

ಅಮ್ಮ,

ಇದನ್ನು ನಿನಗೇ ಹೇಳಬೇಕು. ಬೇರೆಯವರಾದರೆ ಮಾತು ಮುಗಿಯುವ ಮೊದಲೇ ಮುಖ ಆ ಕಡೆ ತಿರುಗಿಸುತ್ತಾರೆ.

ನಾವು ಅವಳಿ ಹುಟ್ಟಿದಾಗ, ಜಗಳವೇ ಬೇಡವೆಂದು ನೀನು ಮೊದಲ ದಿನವೇ ಪಾಲು ಮಾಡಿದ್ದೆಯಂತೆ: ಬಲಗಡೆಯ ಹಾಲು ತಮ್ಮನಿಗೆ, ಎಡಗಡೆಯದು ನನಗೆ. ಕುಂದಾಪುರದ ಅಜ್ಜಿ ಹೇಳಿಕೊಟ್ಟ ಕ್ರಮ. ತಿರುವೊಟ್ಟಿಯೂರಿನಲ್ಲಿ ಅಪ್ಪನ ಹೋಟೆಲಿನ ಮೇಲಿದ್ದ ಆ ಒಂದೇ ಕೋಣೆಯಲ್ಲಿ, ಗೋಡೆಗೆ ಮುಖ ಮಾಡಿ, ಇಬ್ಬರನ್ನೂ ಸೆರಗಿನಡಿ ಮುಚ್ಚಿಕೊಂಡು ಕೂರುತ್ತಿದ್ದೆಯಂತೆ. ದೃಷ್ಟಿಯಾಗಬಾರದಲ್ಲ!

ಕ್ಯಾನ್ಸರ್ ಬಂದು ಎಡಗಡೆಯದನ್ನು ತೆಗೆದಾಗ ನೀನು ಅತ್ತದ್ದು ನಿನಗಾಗಿ ಅಲ್ಲ. "ಎಂತ ಮಾಡೂದು ಮಗಾ, ನಿನ್ನ ಪಾಲೇ ಹೋಯ್ತಲ್ಲ" ಅಂದೆ. ಕೆಲಸಕ್ಕೆ ಹೋಗುತ್ತಿದ್ದ ನನಗೆ ಆ ಪಾಲಿನಿಂದ ಏನಾಗಬೇಕಿತ್ತು? ತಮ್ಮ "ಎನ್ ಸೈಡ್ ಸೇಫ್, ಮಾ" ಎಂದು ತಮಿಳಿನಲ್ಲಿ, ತನ್ನ ಕಡೆಯದು ಉಳಿಯಿತೆಂದು ತಮಾಷೆ ಮಾಡಿದ. ಹೊಲಿಗೆ ಒತ್ತಿ ಹಿಡಿದುಕೊಂಡೇ ನಕ್ಕೆ ನೀನು.

ಆಮೇಲೆ ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಹೆಂಗಸರು ನಿನ್ನ ಮುಖ ಬಿಟ್ಟು ಎದೆಯನ್ನೇ ನೋಡುತ್ತಿದ್ದರು. ಹತ್ತಿ ಹಗುರ, ನಿಲ್ಲುವುದಿಲ್ಲವೆಂದು ರವಿಕೆಯೊಳಗೆ ಸಾಸಿವೆ ತುಂಬಿದ ಪುಟ್ಟ ಚೀಲ ಹೊಲಿದುಕೊಂಡೆ. ಇದ್ದಾಗ ಮುಚ್ಚಬೇಕು, ಹೋದ ಮೇಲೆ ಇದೆಯೆಂದು ತೋರಿಸಬೇಕು. ಇದೆಂಥ ಕಟ್ಟಳೆಯೋ...

ನೀನು ಹೋದ ಮೇಲೆ ನನಗೆ ಮಗಳು ಹುಟ್ಟಿದ್ದಾಳೆ, ಅಮ್ಮ. ತೊಟ್ಟಿಲಿಗೆ ಹಾಕಿದ ದಿನ ನಮ್ಮ ಅತ್ತೆ ಪಕ್ಕಕ್ಕೆ ಕರೆದು, "ತಾಯಿಗೆ ಬಂದದ್ದು ಮಗಳ ಹಾಲಲ್ಲಿ ಇಳಿಯೂದಿಲ್ವಾ? ಡಬ್ಬದ ಹಾಲು ಕೊಡು, ಸಾಕು" ಅಂದರು. ಹಾಗೇನೂ ಇಲ್ಲವೆಂದು ನನಗೆ ಗೊತ್ತು. ಆದರೂ ಎಡಗಡೆ ಕೊಡಲು ಮನಸ್ಸು ಬರಲಿಲ್ಲ. ಬಲಗಡೆ ಮಾತ್ರ ಕುಡಿಸಿದೆ. ಕೆಲವೇ ದಿನಕ್ಕೆ ಎಡಗಡೆ ಗಂಟೊಂದು ಕೈಗೆ ಸಿಕ್ಕಿತು. ನಿನಗೆ ಸಿಕ್ಕಿದ್ದೂ ಅಲ್ಲೇ ಅಲ್ಲವೇ? ಹೆದರಿದೆ, ತುಂಬಾ ಹೆದರಿದೆ.

ಪೋರೂರಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ, "ಪಾಲ್ ಕಟ್ಟಿಯಿರುಕ್ಕು, ಅವ್ವಳವುದಾನ್. ಕುಳಂದೈಕ್ಕು ಕುಡುಂಗ" ಅಂದರು. ಹಾಲು ಕಟ್ಟಿದೆ ಅಷ್ಟೇ, ಮಗುವಿಗೆ ಕೊಡಿ. ಕುಡಿಸದೆ ನಾನೇ ಕಟ್ಟಿಕೊಂಡ ಗಂಟು ಅದು.

ಮನೆಗೆ ಬಂದು, ಅತ್ತೆ ಎದುರಿಗಿದ್ದರೂ ಗೋಡೆಗೆ ತಿರುಗದೆ, ನಿನ್ನ ಮೊಮ್ಮಗಳನ್ನು ಎಡಗಡೆಗೆ ಹಾಕಿಕೊಂಡೆ. ನೋವಿಗೆ ಹಲ್ಲು ಕಚ್ಚಿದೆ. ಅವಳು ಬಿಡಲಿಲ್ಲ. ಮಾರನೆಯ ದಿನಕ್ಕೆ ಗಂಟು ಕರಗಿತ್ತು.

ನನ್ನ ಪಾಲು ಎಲ್ಲೂ ಹೋಗಿಲ್ಲ, ಅಮ್ಮ. ಅವಳು ಕುಡಿಯುತ್ತಿದ್ದಾಳೆ.

ನಿನ್ನ ಎಡಗಡೆಯವಳು