ಬಿಚ್ಚುವ ಕೋಣೆ, ಕಟ್ಟದ ಕೋಣೆ: ಕ್ಷಕಿರಣ ವಿಭಾಗದ ಮುಖ್ಯಾಧಿಕಾರಿಗಳಿಗೆ

ಮೂಳೆಯನ್ನು ಚರ್ಮದ ಹೊರಗಿನಿಂದಲೇ ಕಾಣಬಲ್ಲ ಮಾನ್ಯರೇ,

ತಮಗೆ ಅಂಗಳದಾಚೆಯ ಕೋಣೆ ಕಾಣುವುದಿಲ್ಲವೆಂಬುದೇ ನನ್ನ ದೂರು. ತಮ್ಮ ಆಸ್ಪತ್ರೆಯ ಒಂದು ಕೋಣೆಯಲ್ಲಿ ಮುರಿದ ಕೈಯ ಕಟ್ಟು ಬಿಚ್ಚುತ್ತಾರೆ. ಎದುರು ಕೋಣೆಯಲ್ಲಿ ಕಟ್ಟುವುದಿಲ್ಲ. ಇವೆರಡರ ನಡುವೆ ನನ್ನ ಹೆಂಡತಿಯ ಕೈ ಹಾಳಾಯಿತು.

ನಾನು ಮಧುಗಿರಿ ಪೇಟೆಯ ಕಡಲೆಕಾಯಿ ವ್ಯಾಪಾರಿ. ಕಳೆದ ಮಹಾನವಮಿಗೆ ಮುಂಚೆ ನನ್ನ ಮನೆಯಾಕೆ ಶಿವರುದ್ರಮ್ಮ ಬಾವಿಯ ಮೆಟ್ಟಿಲಲ್ಲಿ ಜಾರಿ ಎಡಗೈ ಮುರಿದುಕೊಂಡಳು. ದೊಡ್ಡೇರಿಯಿಂದ ಮೂಳೆ ಕಟ್ಟುವ ಅಡವಯ್ಯ ಬಂದ. ನಮ್ಮ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲವೆಂದು ಮೊಟ್ಟೆಯ ಲೋಳೆಯ ಬದಲು ಉದ್ದಿನ ಹಿಟ್ಟು ಮೆತ್ತಿ, ಬಿದಿರು ದಬ್ಬೆಯಿಟ್ಟು ಬಿಗಿದ. “ಎರಡೂ ಮೂಳೆ ಮುರ್ದಂಗೈತೆ ಸ್ವಾಮಿ. ಇದು ದಾರಿಗೆ ಕಟ್ಟಿರೋ ಕಟ್ಟು ಅಷ್ಟೆ. ದೊಡ್ಡಾಸ್ಪತ್ರೆಗೆ ಕರ್ಕೊಂಡೋಗ್ಬುಡಿ, ಒಳಗಿಂದು ಕಾಣೋ ಮಿಸನ್ನು ಅಲ್ಲೈತಂತೆ” ಎಂದ.

ನಂಬಿ ಬಂದೆವು. ಚಿತ್ರ ತೆಗೆಯಲು ತಡವಾಗಲಿಲ್ಲ, ಸುಳ್ಳು ಹೇಳಲಾರೆ. ಅಡವಯ್ಯನ ಕಟ್ಟನ್ನು ಕತ್ತರಿಸಿ ಬುಟ್ಟಿಗೆಸೆದು ಕೂಡಲೇ ತೆಗೆದರು. ಆಮೇಲೆ? ಫಿಲ್ಮು ಒಣಗಬೇಕು. ಅದನ್ನು ನೋಡುವ ಡಾಕ್ಟರು ಬೆಳಿಗ್ಗೆ ಮಾತ್ರ ಬರುತ್ತಾರೆ. ಫಿಲ್ಮು ಒಣಗುವುದು ಅವರು ಹೋದ ಮೇಲೆ. ಅವರು ಬರೆದುಕೊಡದೆ ಪ್ಲಾಸ್ಟರಿನ ಕೋಣೆಯವರು ಕೈ ಮುಟ್ಟುವುದಿಲ್ಲ. ಮರುದಿನದಿಂದ ಹಬ್ಬದ ರಜೆ. ಅಲ್ಲಾ ಸ್ವಾಮಿ, ಮುರಿದ ಮೂಳೆಗೂ ರಜೆ ಉಂಟೇ? ಮಹಾರಾಜರ ಸರ್ಕಾರ ವಿಲಾಯಿತಿಯಿಂದ ಯಂತ್ರ ತರಿಸಿಕೊಟ್ಟಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಆಕೆ ಬರಿಗೈಯನ್ನು ಮಡಿಲಲ್ಲಿಟ್ಟುಕೊಂಡು ವರಾಂಡದಲ್ಲಿ ಕೂತಳು. ಬುಟ್ಟಿಯಲ್ಲಿದ್ದ ಆ ದಬ್ಬೆಗಳನ್ನಾದರೂ ಕೊಡೆಂದು ಜವಾನ ಗಂಗಹನುಮಯ್ಯನನ್ನು ಕೇಳಿದೆ.

“ಅಂಗೆಲ್ಲಾ ಕಟ್ಟಂಗಿಲ್ಲ ಸ್ವಾಮಿ. ಡಾಕ್ಟ್ರು ಬಂದಾಗ ತಿರುಗಾ ಬಿಚ್ಬೇಕಾಯ್ತದೆ.”

“ಅಲ್ಲೀಗಂಟ ಕೈ ಹೆಂಗಪ್ಪಾ?” ಎಂದಳು ನನ್ನಾಕೆ.

“ಅಲ್ಲಾಡಿಸ್ದಂಗೆ ಕುಂತ್ಕಳಮ್ಮ.”

ಕೂತಳು. ನಿದ್ದೆಯಲ್ಲಿ ಹೊರಳಿದಾಗ ಅದು ತಾನಾಗಿ ಅಲ್ಲಾಡಿತು.

ರಜೆ ಮುಗಿಸಿ ಬಂದ ಡಾಕ್ಟರು ಫಿಲ್ಮು ನೋಡಿದರು, ಕೈ ನೋಡಿದರು. ಮೂಳೆ ಸರಿದಿದೆ, ಈ ಚಿತ್ರ ಈಗಿನ ಕೈಯದಲ್ಲ, ಹೊಸದು ತೆಗೆಸಿ ಎಂದರು. ಅಷ್ಟರಲ್ಲಿ ಫಿಲ್ಮು ಮುಗಿದಿತ್ತು. ಯುದ್ಧಕಾಲ, ಬೆಂಗಳೂರಿನಿಂದ ಬರುವ ತನಕ ಕಾದೆವು. ಪ್ಲಾಸ್ಟರು ಬೀಳುವ ಹೊತ್ತಿಗೆ ಮೂಳೆ ತನಗೆ ತೋಚಿದಂತೆ ಕೂಡಿಕೊಂಡಿತ್ತು. ಮತ್ತೆ ಮುರಿದು ಕೂಡಿಸೋಣವೆಂದು ತಮ್ಮವರು ಉದಾರವಾಗಿ ಹೇಳಿದರು. “ಸಾಕು, ಮನೆಗೆ ಹೋಗೋಣ ನಡೀರಿ” ಎಂದಳು ಆಕೆ.

ನನ್ನ ಬೇಡಿಕೆ ಚಿಕ್ಕದು. ನೋಡುವವರು ಕುರ್ಚಿಯಲ್ಲಿ ಕೂರುವ ತನಕ ಯಾರ ಕಟ್ಟನ್ನೂ ಬಿಚ್ಚಬೇಡಿ. ಬಿಚ್ಚಿದರೆ ಒದ್ದೆ ಫಿಲ್ಮನ್ನೇ ಬೆಳಕಿಗೆ ಹಿಡಿದು ನೋಡಿ, ಅಂದೇ ಕಟ್ಟಿ. ಪಾವಗಡ, ಶಿರಾ ಕಡೆಯಿಂದ ಎತ್ತಿನ ಗಾಡಿಯಲ್ಲಿ ನರಳುತ್ತ ಬರುವವರಿದ್ದಾರೆ. ಇದು ಆಗುತ್ತದೆಂಬ ಆಸೆ ನನಗಿಲ್ಲ. ಈ ಪತ್ರವನ್ನೂ ತಾವು ಒಣಗಲು ತೂಗುಹಾಕುತ್ತೀರಿ.

ನಮ್ಮವರು ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಬಲಗೈಯಿಂದ ಪೂಜಿಸುತ್ತಾರೆ. ಶಿವರುದ್ರಮ್ಮನ ಎಡ ಅಂಗೈ ಈಗ ಮೇಲಕ್ಕೆ ತಿರುಗುವುದೇ ಇಲ್ಲ. ಪ್ಲಾಸ್ಟರು ತೆಗೆದ ಮರುದಿನ ಪ್ರಯತ್ನಿಸಿದಳು. ಲಿಂಗ ಜಾರಿ ಮಡಿಲಿಗೆ ಬಿತ್ತು. ಆಕೆ ಅಳಲಿಲ್ಲ, ನಾನು ಅತ್ತೆ. ಈಗ ದಿನಾ ಬೆಳಿಗ್ಗೆ ಎದುರು ಕೂತು ನನ್ನ ಅಂಗೈ ಚಾಚುತ್ತೇನೆ, ಆಕೆ ಅದರ ಮೇಲೆ ತನ್ನ ಲಿಂಗವಿಟ್ಟು ಪೂಜಿಸುತ್ತಾಳೆ. ಇನ್ನೊಬ್ಬರ ಅಂಗೈ ಸಲ್ಲದೆಂದು ಹಿರಿಯರು ಗೊಣಗುತ್ತಾರೆ. ನಾನು ಊರಲ್ಲಿಲ್ಲದ ದಿನ ಆಕೆಗೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ನನಗೂ ವಯಸ್ಸಾಗಿದೆ, ಸ್ವಾಮಿ.

ಇಂತಿ,
ಹೆಂಡತಿಗೆ ಎಡ ಅಂಗೈಯಾಗಿ ಉಳಿದಿರುವ
ಚನ್ನಮಲ್ಲಯ್ಯ,
ಮಧುಗಿರಿ ಪೇಟೆ