ಔಷಧಿಗೆ ಸಾಯದ ಹುಲ್ಲು

ಸೋಮವಾರ, ಸಂಜೆ

ಗುಬ್ಬಿ,

ಹೆಸರಿನ ಹಿಂದೆ ‘ಪ್ರೀತಿಯ’ ಅಂತ ಬರೆದು, ಗೀಟು ಎಳೆದು ಹೊಡೆದುಹಾಕಿದ್ದೇನೆ. ಓದಿ ಮುಗಿಸಿದ ಮೇಲೆ ಬೇಕಾದರೆ ನೀನೇ ಸೇರಿಸಿಕೋ. ಅಂಗಡಿಯ ಮೇಲಿನ ನಿನ್ನ ಮನೆ ಇಲ್ಲಿಂದ ನಾಲ್ಕು ಬೀದಿ ದೂರ, ಆದರೂ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ಬಂದರೆ ನೀನು ಅಳುತ್ತೀಯ, ನಾನು ಕೇಳಬೇಕಾದದ್ದನ್ನು ಬಿಟ್ಟು ಟೀ ಇಡಲು ಹೋಗುತ್ತೇನೆ.

ವಿಷಯ ಇದು. ನನ್ನ ಗೋಧಿ ಹೊಲದಲ್ಲಿ ಒಂದು ಹುಲ್ಲು ಸಾಯುತ್ತಿಲ್ಲ. ಎರಡು ಸಲ ಕಳೆನಾಶಕ ಹೊಡೆಸಿದೆ. ಮಿಕ್ಕ ಕಳೆಯೆಲ್ಲ ಬಾಡಿ ಮಲಗಿತು. ಗೋಧಿಯ ಹಾಗೇ ವೇಷ ಹಾಕಿಕೊಂಡ ಇದೊಂದು ಮಾತ್ರ ತಲೆ ಎತ್ತಿಕೊಂಡು ನಿಂತಿದೆ.

ಸುಳ್ಳು ಏಕೆ ಹೇಳಲಿ, ಮೊದಲು ಅನುಮಾನ ಬಂದದ್ದು ನಿಮ್ಮನೆಯವರ ಮೇಲೆ. ಔಷಧಿಯ ಕ್ಯಾನು ಬಂದದ್ದು ಅವರ ಅಂಗಡಿಯಿಂದ ತಾನೇ? ನೀರು ಬೆರೆಸಿದ್ದಾರೆ ಅಂದುಕೊಂಡೆ. ಸೇತುವೆಯಾಚೆ ಹೋಗಿ, ಗುರುತಿಲ್ಲದ ಅಂಗಡಿಯಿಂದ ಅದೇ ಔಷಧಿ ತಂದು ಒಂದು ಮೂಲೆಗೆ ಹೊಡೆಸಿದೆ. ಹುಲ್ಲು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಆಮೇಲೆ ಅನುಮಾನ ನಮ್ಮನೆಯವರ ಮೇಲೆ ತಿರುಗಿತು. ಅವರ ಕೈ ಎಷ್ಟು ಬಿಗಿ ಅಂತ ನಿನಗೆ ಗೊತ್ತೇ ಇದೆ, ಔಷಧಿಯಲ್ಲೂ ಉಳಿತಾಯ ಮಾಡಿರಬಹುದು ಅಂತ ನಾನೇ ನಿಂತು ಅಳೆದು ಸುರಿದೆ. ಅವರು ಮಾತು ಬಿಟ್ಟರು, ಹುಲ್ಲು ಹಾಗೇ ಇತ್ತು.

ಕೊನೆಗೆ ಹೊಲವನ್ನೇ ದಿಟ್ಟಿಸಿ ನೋಡಿದೆ. ಹುಲ್ಲು ಎಲ್ಲೆಂದರಲ್ಲಿ ಇಲ್ಲ. ಗೇಟಿನ ಹತ್ತಿರ ದಟ್ಟ. ಅಲ್ಲಿಂದ ಪಟ್ಟೆ ಪಟ್ಟೆಯಾಗಿ, ಕಟಾವು ಮಷಿನ್ ಓಡಿದ ದಾರಿಯಲ್ಲೇ ಒಳಗೆ ಹೋಗಿದೆ. ಹೋದ ಕೊಯ್ಲಿನಲ್ಲಿ ಆ ಮಷಿನ್ ನನ್ನ ಗೇಟಿಗೆ ಬಂದದ್ದು ನಿನ್ನ ಹೊಲದಿಂದ. ತೊಳೆದು ತಂದಿದ್ದೆಯಾ ಅಂತ ಡ್ರೈವರನ್ನು ಹಿಡಿದು ಕೇಳಿದೆ. ತೊಳೆಯೋಕೆ ಎಲ್ಲಿ ಬಿಡ್ತೀರಿ ಅಕ್ಕಾ, ಬೇಗ ಬಾ ಬೇಗ ಬಾ ಅಂತ ನೀವೇ ಅಲ್ವಾ ಕಿರುಚಿದ್ದು ಅಂತ ನನಗೇ ತಿರುಗಿಸಿದ.

ಹುಲ್ಲನ್ನು ಬುಡಸಮೇತ ಕಿತ್ತು ಕೃಷಿ ಪ್ರಯೋಗಾಲಯಕ್ಕೆ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಹೋದೆ. ಅಲ್ಲಿಯ ಮೇಡಂ ಕುಂಡದಲ್ಲಿ ನೆಟ್ಟು, ಚಿಗುರಿದ ಮೇಲೆ ದುಪ್ಪಟ್ಟು ಔಷಧಿ ಹೊಡೆದರೂ ಅದು ಬದುಕಿತಂತೆ. ಔಷಧಿ ಕೆಟ್ಟಿಲ್ಲ, ಹುಲ್ಲು ಔಷಧಿ ಕುಡಿದು ಕುಡಿದು ಗಟ್ಟಿಯಾದದ್ದೂ ಅಲ್ಲ ಅಂದರು. ಲಕ್ಷಾಂತರ ಗಿಡಗಳಲ್ಲಿ ಎಲ್ಲೋ ಒಂದು ಹುಟ್ಟುವಾಗಲೇ ಆ ಔಷಧಿಗೆ ಬಗ್ಗದಂತೆ ಹುಟ್ಟುತ್ತದಂತೆ. ನಾವು ವರ್ಷ ವರ್ಷವೂ ಅದೇ ಔಷಧಿ ಹೊಡೆದು ಅದರ ದಾಯಾದಿಗಳನ್ನೆಲ್ಲ ಕೊಂದು, ಅದೊಂದಕ್ಕೇ ಹೊಲ ಬಿಟ್ಟುಕೊಡುತ್ತೇವೆ. ಆಮೇಲೆ ಅದರ ಸಂತಾನವೇ ತುಂಬಿಕೊಳ್ಳುತ್ತದೆ.

ಹೊರಡುವಾಗ ಮೇಡಂ ನನ್ನ ಮುಖ ನೋಡಿ ನಕ್ಕರು. ಹೋದ ವರ್ಷ ಕೊಯ್ಲಿಗೆ ಮುಂಚೆ ಇದೇ ಹುಲ್ಲು ತಂದಿದ್ದೋರು ನಿಮ್ಮ ತಂಗಿ ಇರ್ಬೇಕಲ್ವಾ, ಅದೇ ಮೂಗು ಅಂದರು.

ಮೂಗು ಅಪ್ಪನದು, ಸುಳ್ಳು ಹೇಳುವುದಿಲ್ಲ. ಅಂದರೆ ನಿನಗೆ ಗೊತ್ತಿತ್ತು! ಅಂಗಡಿಗೆ ಕೆಟ್ಟ ಹೆಸರು ಬರುತ್ತದೆ ಅಂತ ನಿಮ್ಮನೆಯವರು ಬಾಯಿ ಮುಚ್ಚಿಸಿದರೋ, ನೀನೇ ಮುಚ್ಚಿಕೊಂಡೆಯೋ? ಒಡಹುಟ್ಟಿದವಳು ಹೀಗೆ ಮಾಡುವುದೇ? ಸಿಟ್ಟು ನೆತ್ತಿಗೇರಿದೆ, ಗುಬ್ಬಿ. ಅದಕ್ಕಿಂತ ಹೆಚ್ಚಾಗಿ ದುಃಖವಾಗಿದೆ. ಊರಿಗೆಲ್ಲ ಹೇಳಿಬಿಡೋಣ ಅನ್ನಿಸುತ್ತಿದೆ.

ಗುರುವಾರ

ಅಷ್ಟು ಬರೆದು ಮಡಿಚಿಟ್ಟಿದ್ದೆ. ಆಮೇಲೆ ಪಾತ್ರೆ ತೊಳೆಯುವಾಗ ಹೋದ ಕೊಯ್ಲು ನೆನಪಾಯಿತು. ಮಷಿನ್ ಬಂದು ನಿಂತಿದ್ದಾಗ, ಈ ಸಲ ನಿಂದೇ ಮೊದ್ಲು ಆಗ್ಲಿ ಅಕ್ಕಾ, ನಂದು ಕೊನೆಗಿರ್ಲಿ ಅಂತ ನೀನು ಅಂದೆ. ನಾನು ಬೇಡ ಅಂದರೂ ಮತ್ತೆ ಅಂದೆ. ನನಗೆ ಏನನ್ನಿಸಿತು ಗೊತ್ತೇ? ಇವಳಿಗೇನು ಇದ್ದಕ್ಕಿದ್ದಂತೆ ಅಕ್ಕನ ಮೇಲೆ ಅಕ್ಕರೆ, ಏನೋ ಮಸಲತ್ತಿದೆ ಅನ್ನಿಸಿತು. ಹಟ ಹಿಡಿದು ನಿನ್ನದನ್ನೇ ಮೊದಲು ಕೊಯ್ಯಿಸಿದೆ. ಗೆದ್ದ ಖುಷಿಗೆ ಆ ದಿನ ಊಟವನ್ನೂ ಜಾಸ್ತಿ ಮಾಡಿದೆ. ಮಷಿನ್ ಜೊತೆ ಹುಲ್ಲಿನ ಬೀಜ ನನ್ನ ಹೊಲಕ್ಕೆ ಬಾರದಿರಲಿ ಅಂತ ಹಾಗಂದೆ ಅಂತ ನೀನಾದರೂ ಬಾಯಿ ಬಿಟ್ಟು ಹೇಳಬಾರದಿತ್ತೇ? ಹೇಳಿದ್ದರೆ ನಂಬುತ್ತಿದ್ದೆನೋ ಇಲ್ಲವೋ, ಆ ಮಾತು ಬೇರೆ.

ಈಗ ಮೇಡಂ ತೋರಿಸಿದ ದಾರಿ ಒಂದೇ. ಹುಲ್ಲು ಬೀಜ ಕಟ್ಟುವ ಮೊದಲೇ, ಗೋಧಿ ಹಸಿರಾಗಿರುವಾಗಲೇ, ಪೈರನ್ನೆಲ್ಲ ಮೇವಿಗೆ ಕೊಯ್ದುಬಿಡಬೇಕು. ಮುಂದಿನ ವರ್ಷ ಬೇರೆ ಬೆಳೆ ಹಾಕಬೇಕು. ನಿನ್ನ ಹೊಲದಲ್ಲೂ ಹುಲ್ಲು ನಿಂತಿದೆ, ಬದುವಿನ ಮೇಲೆ ನಿಂತು ನೋಡಿ ಬಂದಿದ್ದೇನೆ. ಒಬ್ಬಳು ಕೊಯ್ದು ಇನ್ನೊಬ್ಬಳು ಬಿಟ್ಟರೆ ಬದು ದಾಟಿ ಮತ್ತೆ ಬರುತ್ತದೆ. ಈ ವರ್ಷದ ಗೋಧಿ ಇಬ್ಬರ ಪಾಲಿಗೂ ಇಲ್ಲ ಅಂದುಕೋ. ನಿಮ್ಮನೆಯವರು ಕುಣಿದಾಡುತ್ತಾರೆ. ಕುಣಿಯಲಿ, ನೀನು ಒಪ್ಪಿಸು.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ನಿನ್ನ ಅಕ್ಕ

ತಾ.ಕ.: ಭಾನುವಾರ ಹೊಲಕ್ಕೆ ಬಂದಾಗ ಬದುವಿನಾಚೆ ನೋಡಿ ಬೆಚ್ಚಬೇಡ. ನನ್ನ ಪೈರನ್ನು ನಿನ್ನೆಯೇ ಕೊಯ್ಯಿಸಿಬಿಟ್ಟೆ, ನಿನ್ನ ಉತ್ತರಕ್ಕೆ ಕಾಯಲಿಲ್ಲ. ನೀನು ಕೊಯ್ಯಿಸದೆ ಹೋದರೆ ನನ್ನದೆಲ್ಲ ದಂಡ ಅಂತ ಗೊತ್ತಿದ್ದೂ ಕೊಯ್ಯಿಸಿದೆ. ನಮ್ಮನೆಯವರು ಜ್ವರ ಬಂದಿದೆಯೇನೋ ಅಂತ ನನ್ನ ಹಣೆ ಮುಟ್ಟಿ ನೋಡಿದರು.